ಹಿಮನದಿ ಬಿಟ್ಟುಹೋದ ದಿಬ್ಬಕ್ಕೆ ವಯಸ್ಸು ಕಟ್ಟುವುದು ಹೇಗೆ?

ಗಂಗೋತ್ರಿಯಿಂದ, ಅಲ್ಲಿನ ಹಿಮನದಿಯ ಈಗಿನ ತುದಿಯಾದ ಗೋಮುಖದ ಕಡೆ ಚಾರಣ ಹೊರಟವರಿಗೆ ಭೋಜಬಾಸಾ ಹತ್ತಿರವಾಗುತ್ತಿದ್ದಂತೆ ಕಣಿವೆಯ ಮಗ್ಗುಲಲ್ಲಿ ಬೂದು ಬಣ್ಣದ ಉದ್ದನೆಯ ದಿಬ್ಬಗಳು ಕಾಣಸಿಗುತ್ತವೆ. ಗುಡ್ಡ ಜರಿದ ರಾಶಿ ಎಂದುಕೊಂಡು ಬಹಳಷ್ಟು ಜನ ಮುಂದೆ ನಡೆದುಬಿಡುತ್ತಾರೆ. ಅವುಗಳಲ್ಲಿ ಹಲವು ಮೊರೇನ್‌ಗಳು. ಹಿಮನದಿ ಮುಂದಕ್ಕೆ ಸರಿಯುವಾಗ ಜೆಸಿಬಿ ಮಣ್ಣು ತಳ್ಳಿದ ಹಾಗೆ ಕಲ್ಲು, ಮರಳು, ಹುಡಿಮಣ್ಣನ್ನೆಲ್ಲ ಎದುರಿಗೂ ಪಕ್ಕಕ್ಕೂ ಒತ್ತರಿಸುತ್ತದೆ. ಬೆನ್ನ ಮೇಲೆ ಉರುಳಿ ಬಿದ್ದ ಬಂಡೆಗಳನ್ನು ತುದಿಯವರೆಗೆ ಹೊತ್ತು ತಂದು ಇಳಿಸುತ್ತದೆ. ತುದಿ ಒಂದೇ ಜಾಗದಲ್ಲಿ ಸಾಕಷ್ಟು ಕಾಲ ನಿಂತರೆ ಅಲ್ಲಿ ದಿಬ್ಬ ಬೆಳೆಯುತ್ತದೆ. ಆಮೇಲೆ ಮಂಜುಗಡ್ಡೆ ಕರಗಿ ಹಿಂದೆ ಹೋದರೂ ದಿಬ್ಬ ಅಲ್ಲೇ ಉಳಿಯುತ್ತದೆ. ಹಿಮನದಿ ಒಂದು ಕಾಲದಲ್ಲಿ ಎಲ್ಲಿಯವರೆಗೆ ಬಂದಿತ್ತು ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇಲ್ಲ.

ಎಲ್ಲಿಯವರೆಗೆ ಎಂಬುದು ಹೀಗೆ ಕಣ್ಣಿಗೇ ಕಾಣುತ್ತದೆ. ಯಾವಾಗ ಎಂಬುದು ಕಾಣುವುದಿಲ್ಲ. ಅದನ್ನು ತಿಳಿಯಲು ಇರುವ ಪ್ರತಿಯೊಂದು ವಿಧಾನವೂ ಒಂದು ಗಡಿಯಾರ. ಆದರೆ ಅವೆಲ್ಲ ಒಂದೇ ಕ್ಷಣದಲ್ಲಿ ಓಡಲು ಶುರುಮಾಡಿದ ಗಡಿಯಾರಗಳಲ್ಲ. ವಯಸ್ಸಿನ ಅಂಕಿ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾವ ಘಟನೆಯಿಂದ ಎಣಿಸಿದ ಅಂಕಿ ಎಂಬುದು.

ಹಾಗೆ ಎಣಿಸುವ ಮುನ್ನ ದಿಬ್ಬ ನಿಜಕ್ಕೂ ಮೊರೇನ್ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು. ಹಿಮಾಲಯ, ಕಾರಕೋರಂಗಳಲ್ಲಿ ಇದು ಸುಲಭದ ಮಾತಲ್ಲ. ಮೊರೇನ್ ಎಂದೇ ನಕ್ಷೆಗೇರಿದ್ದ ಎಷ್ಟೋ ರಾಶಿಗಳು ದೊಡ್ಡ ಬಂಡೆಕುಸಿತದವು ಎಂದು ಕಾರಕೋರಂನಲ್ಲಿ ಭೂಗೋಳಶಾಸ್ತ್ರಜ್ಞ ಕೆನೆತ್ ಹೆವಿಟ್ ತೋರಿಸಿಕೊಟ್ಟರು. ಕುಸಿತದ ರಾಶಿಯಲ್ಲಿ ಸಾಮಾನ್ಯವಾಗಿ ಮೇಲಿನ ಒಂದೇ ಇಳಿಜಾರಿನ ಒಂದೇ ಜಾತಿಯ ಕಲ್ಲು ಇರುತ್ತದೆ. ಒಡೆದ ಚೂರುಗಳು ಎಷ್ಟೋ ಕಡೆ ಒಂದಕ್ಕೊಂದು ಹೊಂದಿಕೊಂಡ ಸ್ಥಿತಿಯಲ್ಲೇ ಸಿಗುತ್ತವೆ. ಮೊರೇನ್‌ನಲ್ಲಿ ಹಿಮನದಿ ದಾಟಿಬಂದ ಜಾಗಗಳ ಕಲ್ಲುಗಳೆಲ್ಲ ಬೆರೆತಿರುತ್ತವೆ. ಜೇಡಿಯಷ್ಟು ನುಣುಪಾದ ಹುಡಿಯಿಂದ ಮನೆಯಷ್ಟು ದೊಡ್ಡ ಬಂಡೆಯವರೆಗೆ ಎಲ್ಲವೂ ಗಾತ್ರದ ವಿಂಗಡಣೆಯಿಲ್ಲದೆ ಒಟ್ಟಿಗೆ ಇರುತ್ತವೆ. ಕೆಲವು ಕಲ್ಲುಗಳ ಮೈಮೇಲೆ ಉಜ್ಜಿದ ಗೀರುಗಳೂ ಕಾಣುತ್ತವೆ. ಈ ಹಂತದಲ್ಲಿ ಎಡವಿದರೆ ಮುಂದಿನ ಪ್ರಯೋಗಾಲಯದ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ಕೈಗೆ ಬರುವುದು ಒಂದು ಭೂಕುಸಿತದ ತಾರೀಖು.

ಬೆರಿಲಿಯಂ-10 ಎಂಬ ಲೆಕ್ಕ

ಈಗ ಹೆಚ್ಚು ಬಳಕೆಯಲ್ಲಿರುವುದು ಬೆರಿಲಿಯಂ-10 ಆಧರಿಸಿದ ವಿಧಾನ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ವೇಗದ ನ್ಯೂಟ್ರಾನ್‌ಗಳು ಹುಟ್ಟಿ ನೆಲಕ್ಕೆ ಸುರಿಯುತ್ತವೆ. ಬಯಲಿಗೆ ಬಿದ್ದ ಬಂಡೆಯ ಬೆಣಚುಕಲ್ಲಿನಲ್ಲಿ, ಅಂದರೆ ಕ್ವಾರ್ಟ್ಜ್‌ನಲ್ಲಿ, ಇರುವ ಆಮ್ಲಜನಕದ ಪರಮಾಣುವನ್ನು ಅಂಥ ನ್ಯೂಟ್ರಾನ್ ಒಡೆದಾಗ ಅಪರೂಪಕ್ಕೆ ಒಂದು ಬೆರಿಲಿಯಂ-10 ಪರಮಾಣು ಉಂಟಾಗುತ್ತದೆ. ಅಪರೂಪ ಎಂದರೆ ಎಷ್ಟು? ಧ್ರುವದ ಕಡೆಯ ಅಕ್ಷಾಂಶಗಳಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಗ್ರಾಂ ಬೆಣಚುಕಲ್ಲಿಗೆ ವರ್ಷಕ್ಕೆ ಸುಮಾರು 4 ಪರಮಾಣು. ಎತ್ತರ ಹೋದಂತೆ ಮೇಲಿನ ಗಾಳಿಯ ಹೊದಿಕೆ ತೆಳುವಾಗಿ ಈ ದರ ಏರುತ್ತದೆ. ಗಂಗೋತ್ರಿ ಇರುವ ಗಢವಾಲದಲ್ಲಿ 4,000 ಮೀಟರ್ ಎತ್ತರಕ್ಕೆ ಅದು 40ರ ಆಸುಪಾಸಿಗೆ ಬರುತ್ತದೆ.

ಈ ಪರಮಾಣುವಿನ ಅರ್ಧಾಯುಷ್ಯ 13.87 ಲಕ್ಷ ವರ್ಷ. ಕೆಲವು ಸಾವಿರ ವರ್ಷಗಳ ಲೆಕ್ಕದಲ್ಲಿ ಅದು ಕರಗಿಹೋಗುವ ಪ್ರಮಾಣ ಗಣನೆಗೇ ಬಾರದು. ಹಾಗಾಗಿ ಕಲ್ಲಿನಲ್ಲಿ ಸೇರಿರುವ ಪರಮಾಣುಗಳನ್ನು ಎಣಿಸಿ ವಾರ್ಷಿಕ ದರದಿಂದ ಭಾಗಿಸಿದರೆ ಬಂಡೆ ಎಷ್ಟು ವರ್ಷ ಬಯಲಿಗೆ ಮೈಯೊಡ್ಡಿ ಕೂತಿದೆ ಎಂಬುದು ಸಿಗುತ್ತದೆ.

ನ್ಯೂಟ್ರಾನ್‌ಗಳು ಕಲ್ಲಿನೊಳಗೆ ಹೆಚ್ಚು ಆಳಕ್ಕೆ ಇಳಿಯಲಾರವು. ಸುಮಾರು 60 ಸೆಂಟಿಮೀಟರ್ ಒಳಗೆ ಹೋಗುವಷ್ಟರಲ್ಲಿ ಉತ್ಪಾದನೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ ಉಳಿದಿರುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಹಿಮನದಿ ತನ್ನ ತಳದ ಬಂಡೆಯನ್ನು ಎರಡು ಮೂರು ಮೀಟರ್ ಕೆರೆದು ಕಿತ್ತು ತಂದರೆ ಆ ಕಲ್ಲಿನ ಹಳೆಯ ಖಾತೆ ಹೆಚ್ಚುಕಡಿಮೆ ಸೊನ್ನೆಯಾಗಿರುತ್ತದೆ. ದಿಬ್ಬದ ಮೇಲೆ ಕೂತ ದಿನದಿಂದ ಹೊಸ ಎಣಿಕೆ.

ಯಾವ ಬಂಡೆ, ಎಷ್ಟು ಕಲ್ಲು

ಬಂಡೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ ಅಥವಾ ಕೆಡುತ್ತದೆ. ದಿಬ್ಬದ ನೆತ್ತಿಯ ಮೇಲೇ ಇರುವ, ನೆಲದಿಂದ ಒಂದು ಮೀಟರಿಗೂ ಹೆಚ್ಚು ಎದ್ದು ನಿಂತ, ಬುಡ ಗಟ್ಟಿಯಾಗಿ ಮಣ್ಣಿನಲ್ಲಿ ಕೂತ ಬಂಡೆ ಬೇಕು. ಇಳಿಜಾರಿನಲ್ಲಿರುವುದನ್ನು ಬಿಡಬೇಕು, ಅದು ಉರುಳಿ ಬಂದಿರಬಹುದು. ನೆಲಮಟ್ಟದಲ್ಲಿ ಇಣುಕುತ್ತಿರುವುದನ್ನೂ ಬಿಡಬೇಕು, ಮೊನ್ನೆ ಮೊನ್ನೆಯವರೆಗೆ ಹೂತುಹೋಗಿದ್ದಿರಬಹುದು. ಪದರ ಪದರವಾಗಿ ಸಿಪ್ಪೆ ಏಳುತ್ತಿರುವ ಮೇಲ್ಮೈ, ಬುಡದಲ್ಲಿ ಬೆಂಕಿ ಹಚ್ಚಿದ ಗುರುತು, ಪಕ್ಕದಲ್ಲಿ ಬಿದ್ದ ಹೊಸ ಚಕ್ಕೆಗಳು, ಇವೆಲ್ಲ ದೂರವಿಡಲು ಕಾರಣಗಳು. ಮೇಲ್ಮೈಯಲ್ಲಿ ಹಿಮನದಿ ಉಜ್ಜಿದ ಹೊಳಪು ಇನ್ನೂ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಲಕ್ಷಣ ಇಲ್ಲ. ಗಂಗೋತ್ರಿಯ ಅದೃಷ್ಟವೆಂದರೆ ಶಿವಲಿಂಗ, ಭಾಗೀರಥಿ ಶಿಖರಗಳು ತಿಳಿಬಣ್ಣದ ಗ್ರಾನೈಟಿನವು. ಅಲ್ಲಿಂದ ಬಂದ ಬಂಡೆಗಳಲ್ಲಿ ಬೆಣಚುಕಲ್ಲಿಗೆ ಕೊರತೆಯಿಲ್ಲ.

ಬಂಡೆಯ ಮೇಲ್ಭಾಗದ ನಡುವಿನಿಂದ, ಅಂಚುಗಳಿಗೆ ತಾಗದಂತೆ, 2ರಿಂದ 5 ಸೆಂಟಿಮೀಟರ್ ದಪ್ಪದ ಚಕ್ಕೆಗಳನ್ನು ಸುತ್ತಿಗೆ ಮತ್ತು ಉಳಿಯಿಂದ ಎಬ್ಬಿಸುತ್ತಾರೆ. ಬಲಿಷ್ಠ ಗ್ರಾನೈಟ್ ಆದರೆ ಬ್ಯಾಟರಿ ಗ್ರೈಂಡರಿನಿಂದ ಚೌಕುಳಿ ಕೊರೆದು ಒಡೆಯುವುದು ವಾಸಿ. ಒಂದು ಬಂಡೆಯಿಂದ ಒಂದರಿಂದ ಎರಡು ಕಿಲೋ ಸಾಕು. ಒಂದು ದಿಬ್ಬಕ್ಕೆ ಐದಾರು ಬಂಡೆಗಳಾದರೂ ಇರಲೇಬೇಕು. ಒಂದೇ ಬಂಡೆಯ ವಯಸ್ಸನ್ನು ದಿಬ್ಬದ ವಯಸ್ಸು ಎಂದು ಬರೆದಿರುವ ಲೇಖನವನ್ನು ಅನುಮಾನದಿಂದಲೇ ಓದಬೇಕು.

ಕಲ್ಲಿನ ಜೊತೆ ಟಿಪ್ಪಣಿಯೂ ಬೇಕು. ಚಕ್ಕೆಯ ದಪ್ಪ 3 ಸೆಂಟಿಮೀಟರ್ ಇದ್ದರೆ ಸರಾಸರಿ ಉತ್ಪಾದನೆ ಶೇ 2.5ರಷ್ಟು ಕಡಿಮೆ ಎಂದು ಹಿಡಿಯಬೇಕು. ಎತ್ತರವನ್ನು ಓದುವಾಗ 100 ಮೀಟರ್ ತಪ್ಪಿದರೆ ವಯಸ್ಸು ಸುಮಾರು ಶೇ 6ರಷ್ಟು ಜಾರುತ್ತದೆ. ಸುತ್ತಲಿನ ಶಿಖರಗಳು ಆಕಾಶವನ್ನು ಎಷ್ಟು ಮರೆಮಾಡಿವೆ ಎಂಬುದನ್ನು ಕೋನಮಾಪಕದಿಂದ ದಿಕ್ಕು ದಿಕ್ಕಿಗೂ ಅಳೆದು ಬರೆದುಕೊಳ್ಳುತ್ತಾರೆ. ಸುತ್ತಲೂ 20 ಡಿಗ್ರಿ ಎತ್ತರದವರೆಗೆ ಬೆಟ್ಟ ಇದ್ದರೆ ನಷ್ಟ ಶೇ 3 ಮಾತ್ರ, 30 ಡಿಗ್ರಿ ಇದ್ದರೆ ಶೇ 10. ಇಕ್ಕಟ್ಟಾದ ಕಣಿವೆಗಳಲ್ಲಿ ಇದನ್ನು ಕಡೆಗಣಿಸಿದವರ ವಯಸ್ಸುಗಳೆಲ್ಲ ಕಿರಿದಾಗಿ ಬರುತ್ತವೆ.

ಆಮ್ಲ, ಅಂಟುರಾಳ, ವೇಗವರ್ಧಕ

ಪ್ರಯೋಗಾಲಯದಲ್ಲಿ ಕಲ್ಲನ್ನು ಪುಡಿಮಾಡಿ ಜರಡಿ ಹಿಡಿದು ಸಾಮಾನ್ಯವಾಗಿ 250ರಿಂದ 500 ಮೈಕ್ರಾನ್ ಗಾತ್ರದ ಕಣಗಳನ್ನು ಇಟ್ಟುಕೊಳ್ಳುತ್ತಾರೆ. ಕಪ್ಪು ಖನಿಜಗಳನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಉಳಿದದ್ದನ್ನು ತೆಳುವಾದ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ, ಬಿಸಿಯಾದ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ಮೂರು ನಾಲ್ಕು ಬಾರಿ ತೊಳೆಯಬೇಕು. ಇದರಿಂದ ಎರಡು ಕೆಲಸ ಆಗುತ್ತವೆ. ಫೆಲ್ಡ್‌ಸ್ಪಾರ್ ಕರಗಿಹೋಗುತ್ತದೆ. ಮಳೆಯೊಂದಿಗೆ ಬಂದು ಕಣಗಳ ಹೊರಮೈಗೆ ಅಂಟಿದ ವಾತಾವರಣದ ಬೆರಿಲಿಯಂ-10 ಕೂಡ ತೊಳೆದುಹೋಗುತ್ತದೆ. ಈ ಎರಡನೆಯದು ಉಳಿದುಬಿಟ್ಟರೆ ವಯಸ್ಸು ಸುಳ್ಳಾಗಿ ಹೆಚ್ಚುತ್ತದೆ. ಬೆಣಚುಕಲ್ಲು ಶುದ್ಧವಾಯಿತೇ ಎಂದು ಅಲ್ಯೂಮಿನಿಯಂ ಪ್ರಮಾಣ ನೋಡಿ ತಿಳಿಯುತ್ತಾರೆ: ಹತ್ತು ಲಕ್ಷ ಪಾಲಿನಲ್ಲಿ ಒಂದೆರಡು ನೂರು ಪಾಲಿಗಿಂತ (ಪಿಪಿಎಂ) ಹೆಚ್ಚಿದ್ದರೆ ಮತ್ತೆ ತೊಳೆಯಬೇಕು. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದಾಗ ತಕ್ಷಣ ಉರಿಯದೆಯೂ ಇರಬಹುದು, ಆದರೆ ಒಳಗಿಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ. ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆಟುಕುವಂತೆ ಇಲ್ಲದ ಕೋಣೆಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ಶುದ್ಧವಾದ 20ರಿಂದ 50 ಗ್ರಾಂ ಬೆಣಚುಕಲ್ಲಿಗೆ ತೂಕ ಮಾಡಿದ ಸಾಮಾನ್ಯ ಬೆರಿಲಿಯಂ-9 ದ್ರಾವಣ ಸೇರಿಸಿ, ಪ್ರಬಲ ಆಮ್ಲದಲ್ಲಿ ಎಲ್ಲವನ್ನೂ ಕರಗಿಸುತ್ತಾರೆ. ಕಬ್ಬಿಣ, ಟೈಟಾನಿಯಂ, ಅಲ್ಯೂಮಿನಿಯಂಗಳನ್ನು ಅಯಾನು ವಿನಿಮಯದ ಅಂಟುರಾಳದ ಕೊಳವೆಗಳಲ್ಲಿ ಬೇರ್ಪಡಿಸಿ, ಅಮೋನಿಯಾದಿಂದ ಬೆರಿಲಿಯಂ ಹೈಡ್ರಾಕ್ಸೈಡನ್ನು ಗರಣೆಗಟ್ಟಿಸಿ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಚಿಟಿಕೆಗೂ ಕಡಿಮೆ ಬಿಳಿ ಪುಡಿ ಉಳಿಯುತ್ತದೆ. ಅದನ್ನು ನಿಯೋಬಿಯಂ ಪುಡಿಯೊಂದಿಗೆ ಬೆರೆಸಿ ಒತ್ತಿ ತುಂಬಿ ವೇಗವರ್ಧಕ ದ್ರವ್ಯರಾಶಿಮಾಪಕಕ್ಕೆ (ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೀಟರ್) ಕೊಡುತ್ತಾರೆ. ಭಾರತದಲ್ಲಿ ಇಂಥ ಅಳತೆಯ ಸೌಲಭ್ಯ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿದೆ. ಬೆರಿಲಿಯಂ-10ರಷ್ಟೇ ತೂಕದ ಬೋರಾನ್-10 ಇಲ್ಲಿನ ದೊಡ್ಡ ತಲೆನೋವು. ರಾಸಾಯನಿಕವಾಗಿ ಎಷ್ಟು ತೆಗೆದರೂ ಒಂದಿಷ್ಟು ಉಳಿದೇ ಉಳಿಯುತ್ತದೆ, ಅದನ್ನು ಯಂತ್ರದೊಳಗೇ ತಡೆದು ನಿಲ್ಲಿಸಬೇಕು.

ಒಂದು ಲೆಕ್ಕ ಮಾಡಿ ನೋಡೋಣ. 0.25 ಮಿಲಿಗ್ರಾಂ ಬೆರಿಲಿಯಂ-9 ಸೇರಿಸಿದ್ದೇವೆ, ಅದರಲ್ಲಿ ಸುಮಾರು 1.67 × 10^19 ಪರಮಾಣುಗಳಿವೆ. ಬೆರಿಲಿಯಂ-9ಕ್ಕೆ ಬೆರಿಲಿಯಂ-10 ಎಷ್ಟು ಎಂದು ಯಂತ್ರ ಕೊಟ್ಟ ಅನುಪಾತ 3 × 10^-13. ಅಂದರೆ ಬೆರಿಲಿಯಂ-10 ಪರಮಾಣುಗಳು ಸುಮಾರು 50 ಲಕ್ಷ. ಬೆಣಚುಕಲ್ಲು 25 ಗ್ರಾಂ ಇದ್ದರೆ ಗ್ರಾಂಗೆ 2 ಲಕ್ಷ. ವರ್ಷಕ್ಕೆ 40ರ ದರದಲ್ಲಿ 5,000 ವರ್ಷ. ದಪ್ಪ, ಮರೆ, ಸವೆತಗಳ ತಿದ್ದುಪಡಿ ಇನ್ನೂ ಬಾಕಿ.

ಇದೇ ಲೆಕ್ಕವನ್ನು 300 ವರ್ಷದ ದಿಬ್ಬಕ್ಕೆ ಹಾಕಿದರೆ ಅನುಪಾತ 1.8 × 10^-14ಕ್ಕೆ ಕುಸಿಯುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಬೆರಿಲಿಯಂ-9 ದ್ರಾವಣಗಳಲ್ಲಿ ಇದಕ್ಕೆ ಹತ್ತಿರ ಹತ್ತಿರದ ಪ್ರಮಾಣದ ಬೆರಿಲಿಯಂ-10 ಮೊದಲೇ ಇರುತ್ತದೆ. ಆಗ ಕಲ್ಲಿನ ದನಿ ದ್ರಾವಣದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಕಿರಿಯ ದಿಬ್ಬಗಳಿಗೆ ಕೈಹಾಕುವವರು ವಿಶ್ವಕಿರಣ ತಲುಪದ ಆಳದ ಗಣಿಯ ಖನಿಜದಿಂದ ಮಾಡಿದ ದ್ರಾವಣವನ್ನೇ ಬಳಸುವುದು ಇದಕ್ಕಾಗಿ. ಪ್ರತಿ ಕಂತಿನ ಮಾದರಿಗಳ ಜೊತೆ ಕಲ್ಲೇ ಇಲ್ಲದ ಒಂದು ಖಾಲಿ ಮಾದರಿಯನ್ನೂ ಅದೇ ಹಾದಿಯಲ್ಲಿ ಹಾಯಿಸಿ, ಅದರ ಅಂಕಿಯನ್ನು ಕಳೆಯಬೇಕು.

ಒಂದು ದಿಬ್ಬ, ಆರು ಉತ್ತರ

ಒಂದೇ ದಿಬ್ಬದ ಆರು ಬಂಡೆಗಳು 4,800, 4,900, 5,000, 5,100, 3,200 ಮತ್ತು 9,400 ವರ್ಷ ಕೊಟ್ಟವು ಎನ್ನೋಣ. ಆರನ್ನೂ ಕೂಡಿಸಿ ಸರಾಸರಿ ತೆಗೆದರೆ 5,400 ಬರುತ್ತದೆ. ಆ ಉತ್ತರ ಯಾವ ಬಂಡೆಯದ್ದೂ ಅಲ್ಲ. ನಾಲ್ಕು ಬಂಡೆಗಳು ಒಂದೇ ಕಡೆ ಗುಂಪುಗೂಡಿವೆ. ಉಳಿದೆರಡು ಯಾಕೆ ತಪ್ಪಿದವು ಎಂದು ಕೇಳಬೇಕು.

9,400ರ ಬಂಡೆ ಬಹುಶಃ ಹಿಮನದಿಗೆ ಬೀಳುವ ಮುಂಚೆಯೇ ಯಾವುದೋ ಕಡಿದಾದ ಬಂಡೆಗೋಡೆಯ ಮುಖದಲ್ಲಿ ವಿಶ್ವಕಿರಣ ಉಣ್ಣುತ್ತಿತ್ತು. ಹಿಮನದಿಯ ಬೆನ್ನೇರಿ ಬಂದಿದ್ದರಿಂದ ಮೇಲ್ಮೈ ಸವೆಯಲಿಲ್ಲ, ಹಳೆಯ ಬಾಕಿ ಹಾಗೇ ಉಳಿಯಿತು. ಗಂಗೋತ್ರಿಯಂಥ ಕಲ್ಲು ಹೊದ್ದ ಹಿಮನದಿಗಳಲ್ಲಿ ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. 3,200ರದ್ದು ದಿಬ್ಬದೊಳಗೆ ಹೂತಿದ್ದು, ಮೇಲಿನ ಮಣ್ಣು ಜಾರಿದ ಮೇಲೆ ಹೊರಬಂದದ್ದು. ಅಥವಾ ಮಗುಚಿಕೊಂಡದ್ದು. ದಿಬ್ಬ ಹಳೆಯದಾದಷ್ಟೂ ಎರಡನೆಯ ಬಗೆಯ ತಪ್ಪೇ ಹೆಚ್ಚು. ಹೊಸ ದಿಬ್ಬ ಚೂಪಾಗಿರುತ್ತದೆ, ಕಾಲ ಕಳೆದಂತೆ ನೆತ್ತಿ ಇಳಿದು ದುಂಡಗಾಗುತ್ತದೆ, ಒಳಗಿನ ಬಂಡೆಗಳು ಒಂದೊಂದಾಗಿ ಹೊರಗೆ ತಲೆ ಹಾಕುತ್ತವೆ. ಅದಕ್ಕೇ ಹತ್ತಾರು ಸಾವಿರ ವರ್ಷದ ದಿಬ್ಬದಲ್ಲಿ, ತೀರಾ ಹೊರಗುಳಿದದ್ದನ್ನು ಬಿಟ್ಟು, ಅತ್ಯಂತ ಹಳೆಯ ಬಂಡೆಗೇ ಹೆಚ್ಚು ಬೆಲೆ ಕೊಡುವವರಿದ್ದಾರೆ. ಕಿರಿಯ, ಚೂಪು ದಿಬ್ಬದಲ್ಲಿ ಗುಂಪಿನ ಸರಾಸರಿಯೇ ಸರಿ. ಯಾವ ದಿಬ್ಬಕ್ಕೆ ಯಾವ ನಿಯಮ ಎಂಬುದನ್ನು ಅಂಕಿಗಳು ಬಂದ ಮೇಲೆ ನಿರ್ಧರಿಸುವುದು ಮಾತ್ರ ಮೋಸದಾಟ. ದಿಬ್ಬದ ರೂಪ ನೋಡಿ ಮೊದಲೇ ನಿರ್ಧರಿಸಬೇಕು.

ಹಿಮ ಮತ್ತು ಸವೆತದ ತಿದ್ದುಪಡಿಗಳನ್ನು ಪ್ರಾಮಾಣಿಕವಾಗಿ ಹೇಳಬೇಕೆಂದರೆ ಊಹೆ ಎನ್ನಬೇಕು. ವರ್ಷಕ್ಕೆ ನಾಲ್ಕು ತಿಂಗಳು ಬಂಡೆಯ ಮೇಲೆ ಒಂದು ಮೀಟರ್ ಹಿಮ ಕೂತರೆ, ಸಾಂದ್ರತೆ 0.3 ಎಂದಿಟ್ಟುಕೊಂಡು, ವಾರ್ಷಿಕ ಉತ್ಪಾದನೆ ಶೇ 6ರಷ್ಟು ತಗ್ಗುತ್ತದೆ. ಐದು ಸಾವಿರ ವರ್ಷದ ಹಿಂದೆ ಎಷ್ಟು ಹಿಮ ಬೀಳುತ್ತಿತ್ತು ಎಂದು ಅಳೆದವರು ಯಾರು? ಎತ್ತರದ ಬಂಡೆ ಆರಿಸುವುದಕ್ಕೆ ಇನ್ನೊಂದು ಕಾರಣ ಇದು: ಗಾಳಿ ಅದರ ತಲೆಯ ಮೇಲಿನ ಹಿಮವನ್ನು ಗುಡಿಸಿಹಾಕುತ್ತದೆ. ಮೇಲ್ಮೈ ಸಾವಿರ ವರ್ಷಕ್ಕೆ 3 ಮಿಲಿಮೀಟರ್ ಸವೆದರೆ 20,000 ವರ್ಷದ ಬಂಡೆ ಸುಮಾರು 19,000 ಎಂದು ತೋರಿಸುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೂ 5,000 ಎಂಬುದು ಹಿಮನದಿ ಮುಂದೆ ಬಂದ ತಾರೀಖು ಅಲ್ಲ. ಬಂಡೆ ಕದಲದೆ ಕೂತ ತಾರೀಖು ಅದು. ಹಿಮನದಿ ದಿಬ್ಬವನ್ನು ತಳ್ಳುತ್ತಿರುವಷ್ಟು ಕಾಲ ಬಂಡೆಗಳು ಹೊರಳುತ್ತಲೇ ಇರುತ್ತವೆ. ಅವು ನೆಲೆ ನಿಲ್ಲುವುದು ಮಂಜುಗಡ್ಡೆ ಕೈಬಿಟ್ಟಾಗ. ಹಾಗಾಗಿ ಈ ವಯಸ್ಸು ಮುನ್ನಡೆಯ ಕೊನೆಯನ್ನು, ಹಿಂಜರಿತದ ಶುರುವನ್ನು ಹೇಳುತ್ತದೆ. ದಿಬ್ಬದ ಹೊಟ್ಟೆಯಲ್ಲಿ ಮಂಜುಗಡ್ಡೆ ಸಿಕ್ಕಿಕೊಂಡಿದ್ದರೆ ಅದು ಕರಗಿ ಮುಗಿಯುವವರೆಗೆ, ಎಂದರೆ ಇನ್ನೂ ನೂರಾರು ವರ್ಷ, ಮೇಲಿನ ಬಂಡೆಗಳು ವಾಲುತ್ತಲೇ ಇರಬಹುದು.

ಹಳೆಯ ಲೇಖನಗಳ ಅಂಕಿಗಳನ್ನು ಇಂದಿನವುಗಳ ಪಕ್ಕ ಹಾಗೇ ಇಡಬಾರದು ಎಂಬುದನ್ನೂ ಇಲ್ಲೇ ಹೇಳಬೇಕು. ಅಳತೆಯ ಮಾನಕವನ್ನು 2007ರಲ್ಲಿ ಪರಿಷ್ಕರಿಸಲಾಯಿತು. ಉತ್ಪಾದನಾ ದರವೂ ಐದರ ಆಸುಪಾಸಿನಿಂದ ನಾಲ್ಕಕ್ಕೆ ಇಳಿದಿದೆ. ಮರುಲೆಕ್ಕ ಹಾಕಿದರೆ ವಯಸ್ಸು ಹಲವು ವೇಳೆ ಶೇ 10ರ ಆಚೀಚೆ ಬದಲಾಗುತ್ತದೆ. ಒಂದೇ ಕಣಿವೆಯ ಎರಡು ದಿಬ್ಬಗಳನ್ನು ಹೋಲಿಸುವಾಗ ಯಂತ್ರದ ಅಳತೆಯ ದೋಷ ಮಾತ್ರ, ಶೇ 2ರಿಂದ 5, ಸಾಕು. ಗ್ರೀನ್‌ಲ್ಯಾಂಡಿನ ಹಿಮಸ್ತರದ ದಾಖಲೆಯೊಂದಿಗೆ ಹೋಲಿಸಲು ಹೊರಟರೆ ಉತ್ಪಾದನಾ ದರದ ಅನಿಶ್ಚಿತತೆಯನ್ನೂ ಸೇರಿಸಲೇಬೇಕು.

ಉಳಿದ ಗಡಿಯಾರಗಳು

ಬೆಣಚುಕಲ್ಲಿನ ಮರಳಿಗೆ ಇನ್ನೊಂದು ಗುಣವಿದೆ. ಕತ್ತಲಲ್ಲಿ ಹೂತಿದ್ದಾಗ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವನ್ನು ಅದು ಕೂಡಿಟ್ಟುಕೊಳ್ಳುತ್ತದೆ, ಬಿಸಿಲು ಬಿದ್ದರೆ ಖಾಲಿಯಾಗುತ್ತದೆ. ಉಕ್ಕಿನ ಕೊಳವೆ ಹೊಡೆದು ಬೆಳಕು ತಾಗದಂತೆ ಮರಳು ತೆಗೆದು, ಮಂದ ಕೆಂಪು ಬೆಳಕಿನ ಕೋಣೆಯಲ್ಲಿ ಅಳೆಯುತ್ತಾರೆ. ಕೂಡಿಟ್ಟ ಪ್ರಮಾಣ 60 ಗ್ರೇ (ಹೀರಿಕೊಂಡ ವಿಕಿರಣದ ಏಕಮಾನ), ಸೇರುವ ದರ ಸಾವಿರ ವರ್ಷಕ್ಕೆ 3 ಗ್ರೇ ಇದ್ದರೆ 20,000 ವರ್ಷ. ಇಲ್ಲಿ ಎಣಿಕೆ ಶುರುವಾಗುವುದು ಮರಳು ಕೊನೆಯ ಬಾರಿ ಬಿಸಿಲು ಕಂಡಾಗ. ತೊಂದರೆ ಅಲ್ಲೇ ಇದೆ: ಹಿಮನದಿಯ ಕೆಸರು ನೀರಿನಲ್ಲಿ ಕೊಚ್ಚಿಬಂದ ಮರಳಿಗೆ ಎಷ್ಟೋ ವೇಳೆ ಸರಿಯಾಗಿ ಬಿಸಿಲೇ ಬಿದ್ದಿರುವುದಿಲ್ಲ. ಹಳೆಯದು ಖಾಲಿಯಾಗದೆ ವಯಸ್ಸು ಹಿಗ್ಗುತ್ತದೆ. ಆದ್ದರಿಂದ ದಿಬ್ಬದ ಒಡಲಿಗಿಂತ ಅದರ ಎದುರಿನ ಮರಳುಹಾಸು, ಪಕ್ಕದ ಕೆರೆಯ ಮರಳು ವಾಸಿ. ಮಣ್ಣಿನ ತೇವಾಂಶ ಎಷ್ಟಿತ್ತೆಂಬ ಊಹೆ ಶೇ 1 ತಪ್ಪಿದರೆ ವಯಸ್ಸೂ ಸುಮಾರು ಅಷ್ಟೇ ತಪ್ಪುತ್ತದೆ.

ರೇಡಿಯೋಕಾರ್ಬನ್‌ಗೆ ಗಿಡಮರದ ಅವಶೇಷ ಬೇಕು, ಅಷ್ಟೆತ್ತರದಲ್ಲಿ ಅದು ಅಪರೂಪ. ಸಿಕ್ಕರೂ ಅದು ನೇರ ಉತ್ತರ ಕೊಡುವುದಿಲ್ಲ, ಒಂದು ಬದಿಯ ಗಡಿ ಹಾಕುತ್ತದೆ. ದಿಬ್ಬದ ಕೆಳಗೆ ಹೂತ ಮಣ್ಣಿನ ಗಿಡ ದಿಬ್ಬಕ್ಕಿಂತ ಹಳೆಯದು. ದಿಬ್ಬದ ಹಿಂದೆ ನಿಂತ ಕೆರೆಯ ತಳದ ಮೊದಲ ಎಲೆ ದಿಬ್ಬಕ್ಕಿಂತ ಹೊಸದು. ಅಂಥ ಕೆರೆಗಳ ಕಟ್ಟೆ ಸಡಿಲ ಕಲ್ಲುಮಣ್ಣಿನದು ಎಂಬುದನ್ನು 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆದಾಗ ದೇಶವೇ ಕಂಡಿತು.

ಕಳೆದ ಕೆಲವು ನೂರು ವರ್ಷಗಳಿಗೆ ಕಲ್ಲುಹೂವು ಇದೆ. 1950ರಲ್ಲಿ ಸಸ್ಯವಿಜ್ಞಾನಿ ರೋಲಂಡ್ ಬೆಶೆಲ್ ಆಲ್ಪ್ಸ್‌ನಲ್ಲಿ ಈ ಪದ್ಧತಿಯನ್ನು ರೂಪಿಸಿದರು. ಹಳದಿಹಸಿರು ಬಣ್ಣದ ಒಂದು ಜಾತಿಯ ಕಲ್ಲುಹೂವಿನ ಅತಿ ದೊಡ್ಡ ಬಿಲ್ಲೆಯ ವ್ಯಾಸವನ್ನು ಅಳೆದು, ತಾರೀಖು ಕೆತ್ತಿದ ಗೋರಿಕಲ್ಲುಗಳ ಮೇಲಿನ ಬೆಳವಣಿಗೆಗೆ ಹೋಲಿಸುವುದು. ಯುರೋಪಿನ ಹಳ್ಳಿಗಳಲ್ಲಿ ಗೋರಿಕಲ್ಲುಗಳಿವೆ. ಹಿಮಾಲಯದಲ್ಲಿ ಅಂಥ ಆಧಾರವೇ ಕಡಿಮೆ, ಬೇರೆ ಪ್ರದೇಶದ ಬೆಳವಣಿಗೆಯ ದರವನ್ನು ಎರವಲು ತಂದರೆ ಉತ್ತರವೂ ಎರವಲಿನದ್ದೇ ಆಗುತ್ತದೆ. ಇನ್ನೂ ಈಚಿನದಕ್ಕೆ ನಕ್ಷೆಗಳಿವೆ: ಗೋಮುಖದಲ್ಲಿ ಹಿಮನದಿಯ ಮೂತಿಯನ್ನು, ಅಂದರೆ ತುದಿಯನ್ನು, ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ 1935ರಲ್ಲೇ ನಕ್ಷೆಗಿಳಿಸಿದ್ದರು.

ಗಂಗೋತ್ರಿಯ ಉತ್ತರ

ಈ ಕಣಿವೆಯ ಹಂತಗಳನ್ನು 1996ರಲ್ಲಿ ಶರ್ಮಾ ಮತ್ತು ಓವೆನ್, 2004ರಲ್ಲಿ ಬಾರ್ನಾರ್ಡ್ ಮತ್ತು ಸಂಗಡಿಗರು ಬಿಡಿಸಿಟ್ಟರು. ಭಾಗೀರಥಿ ಹಂತದಲ್ಲಿ ಹಿಮನದಿ ಈಗಿನ ಮೂತಿಯಿಂದ ಸುಮಾರು 40 ಕಿಲೋಮೀಟರ್ ಕೆಳಗೆ, ಝಾಲಾದವರೆಗೂ ಚಾಚಿತ್ತು. ಮರಳಿನ ವಿಧಾನ ಅದಕ್ಕೆ ಸುಮಾರು 63,000 ವರ್ಷ ಎಂದಿತು. ಆಮೇಲೆ ಸುಮಾರು 7,000 ವರ್ಷದ ಕೇದಾರ ಹಂತ, 5,000 ವರ್ಷದ ಶಿವಲಿಂಗ ಹಂತ, ಕೆಲವೇ ನೂರು ವರ್ಷ ಹಿಂದಿನ ಭುಜಬಾಸ್ (ಭೋಜಬಾಸಾ) ಹಂತ. ಹೊಸ ದರದಲ್ಲಿ ಬೆರಿಲಿಯಂ ವಯಸ್ಸುಗಳು ತುಸು ಸರಿಯುತ್ತವೆ, ಕ್ರಮ ಬದಲಾಗುವುದಿಲ್ಲ.

ಪಟ್ಟಿ ನೋಡಿದರೆ ಒಂದೊಂದು ಹಂತವೂ ಹಿಂದಿನದಕ್ಕಿಂತ ಚಿಕ್ಕದು. ಹಿಮನದಿ ಸದಾ ಕುಗ್ಗುತ್ತಲೇ ಬಂತು ಎಂದು ತೀರ್ಮಾನಿಸುವಂತಿಲ್ಲ. ಚಿಕ್ಕದಾಗಿ ಮುಂದೆ ಬಂದು ಹೋದ ಮೇಲೆ ಇನ್ನೊಮ್ಮೆ ದೊಡ್ಡದಾಗಿ ಬಂದರೆ ಹಳೆಯ ಸಣ್ಣ ದಿಬ್ಬ ನುಚ್ಚುನೂರಾಗುತ್ತದೆ. ಉಳಿದು ಸಿಗುವುದು ಕೆಳಗಿನಿಂದ ಮೇಲಕ್ಕೆ ಕಿರಿದಾಗುತ್ತ ಹೋಗುವ ಸರಣಿ ಮಾತ್ರ. ಎಂಥ ಇತಿಹಾಸವಿದ್ದರೂ ಮೊರೇನ್‌ಗಳಲ್ಲಿ ಅದು ಹೀಗೇ ಕಾಣಿಸುತ್ತದೆ. ಅಳಿದುಹೋದ ಮುನ್ನಡೆಗಳನ್ನು ಹುಡುಕಬೇಕಾದರೆ ಕೆಳಗಿನ ಕೆರೆಗಳ ಹೂಳಿಗೆ ಹೋಗಬೇಕು.

ದಿಬ್ಬದಿಂದ ಹವಾಮಾನಕ್ಕೆ ದಾಟಲು ಇನ್ನೊಂದು ಮೆಟ್ಟಿಲು ಇದೆ. ಹಿಮ ಸೇರುವುದೂ ಕರಗುವುದೂ ಸಮನಾಗುವ ಎತ್ತರವನ್ನು ಸಮತೋಲನ ರೇಖೆ ಎನ್ನುತ್ತಾರೆ. ದಿಬ್ಬಗಳನ್ನು ಆಧರಿಸಿ ಹಳೆಯ ಹಿಮನದಿಯ ಗಡಿ ಬರೆದು, ಅದರ ವಿಸ್ತೀರ್ಣದ ಶೇ 50–60ರಷ್ಟು ಭಾಗ ಯಾವ ಎತ್ತರಕ್ಕಿಂತ ಮೇಲಿದೆಯೋ ಅದನ್ನೇ ಈ ರೇಖೆ ಎಂದು ಹಿಡಿಯುತ್ತಾರೆ. ಕಲ್ಲು ಹೊದ್ದ ಹಿಮನದಿಗೆ ಇನ್ನೂ ಕಡಿಮೆ ಪಾಲು ತೆಗೆದುಕೊಳ್ಳಬೇಕು, ಏಕೆಂದರೆ ದಪ್ಪ ಕಲ್ಲಿನ ಹೊದಿಕೆ ಕರಗುವಿಕೆಯನ್ನು ತಡೆದು ತುದಿಯನ್ನು ಕೆಳಗೆಳೆಯುತ್ತದೆ. ರೇಖೆ 300 ಮೀಟರ್ ಕೆಳಗಿತ್ತು ಎಂದಾದರೆ, 100 ಮೀಟರಿಗೆ 0.65 ಡಿಗ್ರಿ ಲೆಕ್ಕದಲ್ಲಿ, ಸುಮಾರು 2 ಡಿಗ್ರಿ ತಂಪಿತ್ತು ಎನ್ನಬಹುದು.

ಹಿಮಪಾತ ಈಗಿನಷ್ಟೇ ಇದ್ದಿದ್ದರೆ ಮಾತ್ರ. ಮಾನ್ಸೂನ್ ಜೋರಾಗಿದ್ದರೆ ಎತ್ತರದಲ್ಲಿ ಹೆಚ್ಚು ಹಿಮ ಬೀಳುತ್ತದೆ, ಮೋಡ ಬೇಸಿಗೆಯ ಬಿಸಿಲನ್ನು ತಡೆಯುತ್ತದೆ, ತಾಪ ಅಷ್ಟೇನೂ ಇಳಿಯದೆಯೂ ಹಿಮನದಿ ಮುಂದೆ ಬರುತ್ತದೆ. ಜಗತ್ತಿನ ಹಿಮಹಾಸುಗಳು ಅತಿ ದೊಡ್ಡದಾಗಿದ್ದದ್ದು 26,000ದಿಂದ 19,000 ವರ್ಷಗಳ ಹಿಂದೆ. ಹಿಮಾಲಯದ ಹಲವು ಕಣಿವೆಗಳಲ್ಲಿ ಅತಿ ದೊಡ್ಡ ಮುನ್ನಡೆ ಅದಕ್ಕೂ ಬಹಳ ಹಿಂದಿನದು. ಮಾನ್ಸೂನ್ ಕಾರಣ ಎನ್ನುವ ವಾದಕ್ಕೆ ಬಲ ಬರುವುದು ಇದರಿಂದ. ಆದರೆ ಆ ಹಳೆಯ ದಿಬ್ಬಗಳೇ ಹೆಚ್ಚು ಸವೆದಿರುವಂಥವು, ಬಂಡೆಗಳ ವಯಸ್ಸು ಹೆಚ್ಚು ಚೆದುರಿರುವಂಥವು. ಒಂದು ದಿಬ್ಬ 45,000 ವರ್ಷದ್ದೋ 60,000ದ್ದೋ ಎಂಬ ಗೊಂದಲ ಇರುವಷ್ಟು ಕಾಲ ಅದನ್ನು ಮಾನ್ಸೂನಿನ ಯಾವ ಏರಿಳಿತಕ್ಕೆ ಗಂಟುಹಾಕಬೇಕು ಎಂಬ ಜಗಳವೂ ಇರುತ್ತದೆ.